ಹೇಸರಗತ್ತೆಯ ಹೆಸರು

ಹಿಂದಿನ ಸೀಟಿನಿಂದ ಹೊಲಿಗೆ ಯಂತ್ರವನ್ನು ಎಳೆದು ರಸ್ತೆಬದಿಯ ಧೂಳಿನಲ್ಲಿಟ್ಟೆ. ಹೆಂಡತಿ ಸಬ್ರಿಯೆ ಕಾರಿನಿಂದ ಇಳಿಯಲಿಲ್ಲ.

"ಅದು ನಮ್ಮಮ್ಮ ಕೊಟ್ಟಿದ್ದು," ಎಂದಳು.

"ಮತ್ತೆ ಜುಂಬುಲ್ ಎಲ್ಲಿ ಕೂರ್ಬೇಕು? ಕಾರಿನ ಮೇಲೆ, ಫ್ರಿಜ್ ಪಕ್ಕದಲ್ಲಾ?"

"ನಿನ್ ತಂಗಿ ಮೊದ್ಲು ಆ ಗೇಟಿಂದ ಹೊರಗೆ ಬರ್ಲಿ." ಮಕ್ಕಳಿಬ್ಬರನ್ನೂ ತೊಡೆಯ ಮೇಲೆ ಸರಿಸಿಕೊಂಡಳು. "ಬೇಗ ಬಾ, ರಮೀಸ್. ಸಂಜೆಯೊಳಗೆ ಗಡಿ ದಾಟ್ಲಿಲ್ಲ ಅಂದ್ರೆ ಈ ಪಾಸ್‌ಪೋರ್ಟು ಬೀಡಿ ಸುತ್ತೋಕೂ ಬರಲ್ಲ."

ಎಂಬತ್ತೊಂಬತ್ತರ ಬೇಸಿಗೆ. ಬಲ್ಗೇರಿಯಾದ ಸರ್ಕಾರ ತುರ್ಕರಾದ ನಮ್ಮನ್ನು ಗಡಿಯಾಚೆ ತುರ್ಕಿಗೆ ಅಟ್ಟುತ್ತಿತ್ತು, ನಮ್ಮ ಊರುಗಳು ಒಂದೊಂದಾಗಿ ಖಾಲಿಯಾಗುತ್ತಿದ್ದವು. ಹೊಲದಲ್ಲಿ ಹೊಗೆಸೊಪ್ಪು ಹಳದಿಗಟ್ಟಿ ನಿಂತಿತ್ತು, ಕೀಳುವವರಿರಲಿಲ್ಲ. ನಾವು ಪ್ರವಾಸಕ್ಕೆ ಹೊರಟಿದ್ದೇವೆ ಎಂದು ರೇಡಿಯೊ ಹೇಳುತ್ತಿತ್ತು. ಪೊಲೀಸರು ಪಾಸ್‌ಪೋರ್ಟುಗಳನ್ನು ಮನೆಬಾಗಿಲಿಗೇ ತಂದು ಕೊಟ್ಟಿದ್ದರು, ಜುಂಬುಲ್‌ಳದನ್ನೂ ಸೇರಿಸಿ. ಹೋಗುವ ತಲೆ ಒಂದು ಹೆಚ್ಚಾದರೆ ಅವರಿಗೆ ಒಳ್ಳೆಯದೇ.

ಬುದ್ಧಿ ಬೆಳೆಯದವರನ್ನು ಇಡುವ ಈ ಸರ್ಕಾರಿ ಆಶ್ರಮಕ್ಕೆ ಅವಳನ್ನು ತಂದು ಬಿಟ್ಟವನು ನಾನೇ. ಅಮ್ಮ ಸತ್ತ ವರ್ಷ. ಜುಂಬುಲ್‌ಳ ಮೈಗೆ ಆಗ ಇಪ್ಪತ್ತು, ಮನಸ್ಸಿಗೆ ಆರು. ಮೊದಲೆರಡು ವರ್ಷ ತಿಂಗಳಿಗೊಮ್ಮೆ ನೋಡಿ ಬರುತ್ತಿದ್ದೆ. ಸರ್ಕಾರ ತುರ್ಕರೆಲ್ಲರ ಹೆಸರು ಬಲವಂತವಾಗಿ ಬದಲಾಯಿಸಿದ ಚಳಿಗಾಲದ ನಂತರ ನನಗೆ ಗೇಟು ತೆರೆಯಲಿಲ್ಲ.

ಆಶ್ರಮದ ಮುಖ್ಯಸ್ಥೆ ತೋತೆವಾ ಎರಡು ಕಾಗದಗಳನ್ನು ಮೇಜಿನ ಮೇಲೆ ಜೋಡಿಸಿಟ್ಟಳು.

"ನೀವು ಕೇಳ್ತಿರೋ ಹುಡುಗಿ ಝೋಯಾ ಅಸೆನೋವಾ. ಅಪ್ಪ ಅಸೆನ್. ನೀವು ರಾದ್ಕೊ ಮಿಂಚೆವ್. ಅಪ್ಪ ಮಿಂಚೊ. ರಕ್ತಸಂಬಂಧಿಗಳಿಗೆ ಮಾತ್ರ ಬಿಟ್ಕೊಡಿ ಅಂತಿದೆ ನಿಯಮ. ಅಸೆನ್ ಮಗಳಿಗೂ ಮಿಂಚೊ ಮಗನಿಗೂ ಏನ್ರಿ ಸಂಬಂಧ?"

"ನಮ್ಮಿಬ್ಬರಿಗೂ ಅಪ್ಪ ಶಾಬಾನ್."

"ಆ ಹೆಸರಿನ ಮನುಷ್ಯ ಈ ದೇಶದಲ್ಲಿ ಹುಟ್ಟೇ ಇಲ್ಲ." ಅವಳು ಚುಚ್ಚಿ ಹೇಳಲಿಲ್ಲ. ಬಸ್ಸಿನ ಸಮಯ ಹೇಳುವಂತೆ ಹೇಳಿದಳು.

ತಪ್ಪು ನನ್ನದು. ಎಂಬತ್ತೈದರ ಜನವರಿ. ಹಿಮ ಸುರಿಯುತ್ತಿತ್ತು. ಹೊಗೆಸೊಪ್ಪಿನ ಗೋದಾಮಿನಲ್ಲಿ ಮೇಜು ಹಾಕಿ ಬಾಗಿಲಿಗೆ ನಾಯಿಗಳನ್ನು ಕಟ್ಟಿದ್ದರು. ಪಟ್ಟಿ ನೋಡಿ ನಮಗೊಂದು ಬಲ್ಗೇರಿಯನ್ ಹೆಸರು ಆರಿಸಿಕೊಳ್ಳಬೇಕು. ಅಪ್ಪನ ಹೆಸರು ನಮ್ಮ ಹೆಸರಿಗೆ ಅಂಟಿಕೊಂಡು ಬರುವುದರಿಂದ ಸತ್ತ ಅಪ್ಪನಿಗೂ ಒಂದು ಆರಿಸಬೇಕು. ಜನ ಮೊದಲ ಅಕ್ಷರವನ್ನಾದರೂ ಉಳಿಸಿಕೊಳ್ಳಲು ಪಟ್ಟಿಯ ಮೇಲೆ ಬೆರಳಾಡಿಸುತ್ತಿದ್ದರು. ಅಪ್ಪನಿಗೆ ನಾನು ಪಟ್ಟಿ ನೋಡದೆ ನಮ್ಮ ಹೇಸರಗತ್ತೆಯ ಹೆಸರು ಹೇಳಿದೆ. ಮಿಂಚೊ. ಸಾಲಿನಲ್ಲಿ ಹಿಂದಿದ್ದವರು ಕಿಸಕ್ಕನೆ ನಕ್ಕರು. ಅಪ್ಪನನ್ನು ಇವರ ಕೈಗೆ ಸಿಗದ ಹಾಗೆ ಬಚ್ಚಿಟ್ಟೆ ಎಂದು ಹೆಮ್ಮೆಪಟ್ಟಿದ್ದೆ. ಅದೇ ವಾರ ಈ ಆಶ್ರಮದಲ್ಲಿ ಯಾರೋ ಗುಮಾಸ್ತ ಬೇಗ ಮುಗಿಯಲೆಂದು ನಮ್ಮವರಾದ ಹದಿನಾಲ್ಕು ಮಂದಿಗೂ ಒಬ್ಬನೇ ಅಪ್ಪನನ್ನು ಬರೆದಿದ್ದ. ಅಸೆನ್.

ತೋತೆವಾ ಕಿಟಕಿಯಿಂದ ನನ್ನ ಕಾರು ನೋಡಿದಳು, ಧೂಳಿನಲ್ಲಿದ್ದ ಹೊಲಿಗೆ ಯಂತ್ರವನ್ನೂ.

"ಒಂದು ಕೆಲಸ ಮಾಡಿ. ಅವಳೇ ಬಾಯಿಬಿಟ್ಟು ಇವನು ನನ್ನಣ್ಣ ಅಂದ್ರೆ ಕರ್ಕೊಂಡು ಹೋಗಿ. ನಿಯಮದ ಕಡೆ ನಾನು ಬೆನ್ನು ಮಾಡ್ಕೊಂಡು ನಿಂತಿರ್ತೀನಿ. ನಮಗೂ ಒಂದು ಹೊಟ್ಟೆ ಕಮ್ಮಿ."

ಜುಂಬುಲ್ ಬಂದು ಬೆಂಚಿನ ಮೇಲೆ ಗೋಡೆ ನೋಡುತ್ತ ಕೂತಳು. ತಲೆ ಬೋಳಿಸಿದ್ದರು.

"ಜುಂಬುಲ್," ಎಂದೆ.

ತಿರುಗಲಿಲ್ಲ. ಜೋರಾಗಿ ಕರೆದೆ. ಅವಳ ಕತ್ತಿನ ನರ ಬಿಗಿಯಿತು, ಅಷ್ಟೆ.

"ಆ ಹೆಸರಿಗೆ ತಿರುಗಲ್ಲ," ಎಂದಳು ತೋತೆವಾ. "ತಿರುಗಿದವರಿಗೆ ಆ ಹೊತ್ತಿನ ಊಟ ಇಲ್ಲ ಅಂತ ಮಾಡಿದ್ವಿ. ಬೇಕಂತಲೇ ಹಿಂದಿನಿಂದ ಕರೀತಿದ್ವಿ. ಬೇರೆಯವರಿಗೆ ಆರು ತಿಂಗಳು ಹಿಡೀತು. ಇವಳು ಎರಡೇ ವಾರದಲ್ಲಿ ಕಲಿತ್ಲು, ಜಾಣೆ."

ಅವರಿಟ್ಟ ಹೆಸರಿನಿಂದ ಕರೆದೆ. "ಝೋಯಾ."

ಥಟ್ಟನೆ ತಿರುಗಿದಳು. ಅದೇ ಕಣ್ಣು, ಅಮ್ಮನದು.

"ನಾನು ಕಣೇ, ನಿನ್ನಣ್ಣ," ಎಂದೆ ನಮ್ಮ ಭಾಷೆಯಲ್ಲಿ. "ಕಾರಲ್ಲಿ ಹಲ್ವಾ ಇದೆ. ಹೋಗೋಣ ನಡಿ."

ಅವಳು ತೋತೆವಾಳನ್ನು ನೋಡಿದಳು. ಆಮೇಲೆ ಬೆಳಗಿನ ಹಾಜರಿಯ ದನಿಯಲ್ಲಿ, ಅವರ ಭಾಷೆಯಲ್ಲಿ ಕೇಳಿದಳು: "ಅಪ್ಪನ ಹೆಸರು?"

"ಶಾಬಾನ್." ಬಾಯಿ ನನಗಿಂತ ಮುಂದೆ ಓಡಿತ್ತು. ಅವಳು ಬೆಂಚಿನ ಮೂಲೆಗೆ ಸರಿದಳು.

"ಅಲ್ಲ, ಅಲ್ಲ. ಅಸೆನ್! ಅಸೆನ್ ಕಣೇ!"

"ಎರಡು ಅಪ್ಪ ಹೇಳ್ದ," ಎಂದಳು ತೋತೆವಾಳಿಗೆ, ದೂರು ಕೊಡುವಂತೆ. "ನಾನು ತಿರುಗ್ಲಿಲ್ಲ. ನೋಡಿದ್ರಲ್ಲ, ತಿರುಗ್ಲಿಲ್ಲ."

ಹೊರಗೆ ಸಬ್ರಿಯೆ ಹಾರ್ನ್ ಒತ್ತಿದಳು.

ನಾನು ಜುಂಬುಲ್‌ಳ ಎದುರು ನೆಲದ ಮೇಲೆ ಕೂತೆ. ಎಡಗೈಯಲ್ಲಿ ಇಲ್ಲದ ಎಲೆ, ಬಲಗೈಯಲ್ಲಿ ಇಲ್ಲದ ಸೂಜಿ. ಊರಲ್ಲಿ ಮನೆಯ ಸೂರಿನ ಕೆಳಗೆ ಕೂತು ಬೆಳಗಿನಿಂದ ಹೊಗೆಸೊಪ್ಪು ಪೋಣಿಸುತ್ತಿದ್ದೆವು ನಾವು. ಎಲೆಯ ದಂಟು ಚುಚ್ಚು, ದಾರಕ್ಕೆ ತಳ್ಳು. ಅವಳಷ್ಟು ಬೇಗ ಇಡೀ ಓಣಿಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಅಪ್ಪ ನನ್ನನ್ನು ಹಂಗಿಸುತ್ತಿದ್ದ: ಬುದ್ಧಿ ಇರೋನ ಬೆರಳು ನೋಡು, ಇಲ್ಲದೋಳ ಬೆರಳು ನೋಡು. ಚುಚ್ಚಿದೆ, ತಳ್ಳಿದೆ. ಚುಚ್ಚಿದೆ, ತಳ್ಳಿದೆ.

ಅವಳ ಮಡಿಲಲ್ಲಿ ಬೆರಳುಗಳು ಅಲುಗಿದವು. ಹೆಬ್ಬೆರಳು ದಂಟನ್ನು ಹುಡುಕಿತು. ಮೂರು ಎಲೆ, ನಾಲ್ಕು ಎಲೆ, ನನಗಿಂತ ಬೇಗ.

ಅವಳು ತಲೆ ತಗ್ಗಿಸಿ ಆ ಬೆರಳುಗಳನ್ನು ಕಂಡಳು. ಎರಡೂ ಕೈಯನ್ನು ತೊಡೆಯ ಕೆಳಗೆ ತುರುಕಿ ಅವುಗಳ ಮೇಲೆ ಕೂತುಬಿಟ್ಟಳು.

"ಹೇಳೇ ಹುಡುಗಿ," ಎಂದಳು ತೋತೆವಾ, ಕಿಟಕಿಯತ್ತ ತಿರುಗಿ. "ಇವತ್ತು ನಿನ್ ಊಟ ಯಾರೂ ಕಿತ್ಕೊಳ್ಳಲ್ಲ."

ಮತ್ತೆ ಹಾರ್ನ್, ಈ ಸಲ ಬಿಡದೆ.

ನಾನು ಎದ್ದು ಕೈ ಚಾಚಿದೆ. "ಬಾ."

"ನಂಗೆ ಅಣ್ಣ ಇಲ್ಲ," ಎಂದಳು ನನ್ನ ತಂಗಿ. "ಬರಲ್ಲ."