ಇಲಿಯ ಉತ್ತರ

ಲಗಮಣ್ಣ ಹೊರಸಿನ ಕೆಳಗಿಂದ ತಗಡಿನ ಟ್ರಂಕನ್ನು ಎಳೆದ. ಅದು ನೆಲಕ್ಕೆ ಉಜ್ಜಿದ ಸದ್ದಿಗೆ ಭಜನೆಯವರ ತಾಳ ಒಂದು ಗಳಿಗೆ ತಪ್ಪಿತು.

"ಇದೂ ಅಣ್ಣನ ಕೂಡ ಹೋಗ್ಲಿ. ಜೀವಕ್ಕಿಂತ ಹೆಚ್ಚ ಮಾಡಿದ್ದ ಇದನ್ನ. ಕುಣ್ಯಾಗ ಮಗ್ಗಲಕ ಇಡೂನು."

ಅಣ್ಣ ಶಟ್ಟೆಪ್ಪ ಗೋಡೆಗೆ ಒರಗಿ ಕುಳಿತಿದ್ದ. ಬೆಳಿಗ್ಗೆ ಚಹಾ ಕೇಳಿ, ಚಹಾ ಬರುವುದರೊಳಗೆ ಹೋಗಿಬಿಟ್ಟ ಮನುಷ್ಯ. ಅವರಲ್ಲಿ ಕೂಡಿಸಿಯೇ ಮಣ್ಣು ಮಾಡುವ ಪದ್ಧತಿ. ತಲೆಗೆ ರುಮಾಲು ಸುತ್ತಿ, ಕೊರಳಿಗೆ ಮಾಲೆ ಹಾಕಿದ್ದರು. ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಹಿಂದೆ ನಲವತ್ತು ವರ್ಷ ರದ್ದಿ ಅಂಗಡಿ ಇಟ್ಟವನು ಈಗಲೂ ಗಿರಾಕಿಯ ದಾರಿ ಕಾಯುವವನಂತೆಯೇ ಕಾಣುತ್ತಿದ್ದ.

ಅವನ ಹೆಂಡತಿ ಮಹಾನಂದಾ ಮಗ್ಗುಲಲ್ಲೇ ಕುಳಿತಿದ್ದಳು. ಎಡಕ್ಕೆ ಹೆಣ, ಬಲಕ್ಕೆ ನಾದಿನಿ ಕೆಂಪವ್ವ, ಮುಂದೆ ಓಣಿಯ ಹೆಂಗಸರು. ಏಳಬೇಕೆಂದರೂ ಕಾಲು ಚಾಚಲು ಜಾಗವಿರಲಿಲ್ಲ.

"ಟ್ರಂಕ್ ಇರ್ಲಿ ಬಿಡಪಾ ಲಗಮಣ್ಣಾ," ಅಂದಳು.

ಕೆಂಪವ್ವ ಆಕೆಯ ಮುಂಗೈ ಹಿಡಿದಳು. "ನೀ ಸುಮ್ನಿರು. ಹ್ವಾದವನ ಆಸೆ ಮನ್ಯಾಗ ಇಟಗೊಂಡ್ರ ಜೀವಾ ಇಲ್ಲೇ ತಿರಗತೈತಿ."

ಸೊಸೆ ರಾಣಿ ಟ್ರಂಕಿನ ಮುಚ್ಚಳ ತೆಗೆದಳು. ಒಳಗೆ ಹಳೆಯ ಇಂಗ್ಲಿಷ್ ಕಾಮಿಕ್ಸ್ ಪುಸ್ತಕಗಳು. ಎಂದೋ ಬೆಳಗಾವಿಯ ಒಂದು ಬಂಗಲೆ ಖಾಲಿ ಮಾಡಿದಾಗ ರದ್ದಿಯಲ್ಲಿ ಬಂದವು. ಎಲ್ಲದರಲ್ಲೂ ಒಂದು ಹರಕು ಕಿವಿಯ ಬೆಕ್ಕು, ಒಂದು ಕೆಂಪಂಗಿಯ ಇಲಿ. ಬೆಕ್ಕು ಬೆನ್ನಟ್ಟುವುದು, ಇಲಿ ಬಿಲ ಸೇರುವುದು, ಮುಗಿಯಿತು ಕತೆ. ಅವು ಆಡುವ ಮಾತಿನ ಗುಳ್ಳೆಗಳ ಮೇಲೆ ಬಿಳಿ ಚೀಟಿ ಅಂಟಿಸಿ ಕನ್ನಡದಲ್ಲಿ ಬರೆದಿತ್ತು. ಚೀಟಿಯ ಮೇಲೆ ಚೀಟಿ ಕೂತು ಪುಸ್ತಕಗಳು ಹೊಟ್ಟೆ ಉಬ್ಬಿಸಿಕೊಂಡಿದ್ದವು.

"ಮಾವಾರ ಹುಡುಗಾಟ ನೋಡ್ರಿ," ರಾಣಿ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. "ಬೆಕ್ಕಿನ ಮಾತೂ ತಾವ ಬರೀತಿದ್ರು, ಇಲಿ ಮಾತೂ ತಾವ ಬರೀತಿದ್ರು."

ಮಹಾನಂದಾ ಆ ಚೀಟಿಗಳ ಕಡೆ ನೋಡಿದಳು. ಬೆಕ್ಕಿನ ಅಕ್ಷರ ಕೋಳಿ ಕೆದರಿದ ಹಾಗೆ. ಇಲಿಯದು ದುಂಡಗೆ, ಕಾಪಿ ಬರೆದ ಹಾಗೆ. ಇಷ್ಟು ವರ್ಷದಲ್ಲಿ ಮನೆಯ ಒಬ್ಬರಿಗಾದರೂ ಅದು ಕಂಡಿರಲಿಲ್ಲ.

*

ಮೂವತ್ತನಾಲ್ಕು ವರ್ಷದ ಹಿಂದೆ ಆಕೆಗೆ ತವರೂರು ಉಗರಗೋಳದ ಅಂಗನವಾಡಿಯಲ್ಲಿ ಕೆಲಸ ಸಿಕ್ಕಿತ್ತು. ಸಿಕ್ಕಿದ್ದು ಆಕೆಗೆ ಮಾತ್ರ ಗೊತ್ತಾಗಲಿಲ್ಲ. ಆರ್ಡರಿನ ಲಕೋಟೆ ಅಂಗಡಿಗೆ ಬಂದಿತ್ತು. ಶಟ್ಟೆಪ್ಪ ಅದನ್ನು ಹರಿಯಲಿಲ್ಲ, ಸುಡಲಿಲ್ಲ. ರದ್ದಿಯ ಕಟ್ಟಿನೊಳಗೆ ತುರುಕಿ ಸುಮ್ಮನಾದ. ತವರಿನ ಕಡೆ ಹೋದವಳು ತಿರುಗಿ ಬರಲಿಕ್ಕಿಲ್ಲ ಎಂಬ ಪುಕ್ಕಲುತನ. ವರ್ಷದ ಮೇಲೆ ಹಾಳೆ ಬೇರ್ಪಡಿಸುವಾಗ ಅದು ಆಕೆಯ ಕೈಗೇ ಬಂತು.

ಮಹಾನಂದಾ ಅಳಲಿಲ್ಲ, ಕೂಗಲಿಲ್ಲ. ಗಂಡನ ಕೂಡ ಮಾತು ಬಿಟ್ಟಳು, ಅಷ್ಟೆ. ಮಗ ಸಾಗರ ಆಗ ಬಗಲ ಕೂಸು. ಬಿಟ್ಟುಹೋಗಲು ದಾರಿ ಇರಲಿಲ್ಲ, ಇರಲು ಮನಸ್ಸಿರಲಿಲ್ಲ. ಓಣಿಯಲ್ಲಿ ಯಾರಿಗೂ ಸಂಶಯ ಬರಲಿಲ್ಲ. ಆ ಓಣಿಯಲ್ಲಿ ಯಾವ ಗಂಡ ಹೆಂಡತಿಯೊಡನೆ ಕೂತು ಮಾತಾಡುತ್ತಿದ್ದ ಹೇಳಿ.

ಮೂರು ತಿಂಗಳಾದ ಮೇಲೆ ಒಂದು ದಿನ ಒಲೆಯ ಪಕ್ಕ ಕಾಮಿಕ್ಸ್ ಪುಸ್ತಕ ಬಿದ್ದಿತ್ತು. ಬೆಕ್ಕು ಬಿಲದ ಬಾಯಲ್ಲಿ ಕೂತು ಕೇಳುತ್ತಿತ್ತು: "ಚಹಾಕ್ಕ ಬೆಲ್ಲ ಯಾಕ ಇಲ್ಲ?"

ಆಕೆ ಎರಡು ದಿನ ನೋಡಿದಳು. ಮೂರನೆಯ ದಿನ ಇಲಿಯ ಮೇಲೆ ಚೀಟಿ ಅಂಟಿಸಿ ಬರೆದಳು: "ತಂದ್ರ ಇರತೈತಿ."

ಅಲ್ಲಿಂದ ಅವರ ಸಂಸಾರ ಆ ಪುಸ್ತಕಗಳಲ್ಲೇ ನಡೆಯಿತು. ಸಾಗರನ ಮದುವೆಯ ಮಾತುಕತೆ ಹನ್ನೊಂದು ಪುಟ ಹಿಡಿಯಿತು. ಬೆಕ್ಕು ಓಡಿಸಿಕೊಂಡು ಹೋದದ್ದು ಎಷ್ಟು ಸಲವೋ, ಇಲಿ ತಪ್ಪಿಸಿಕೊಂಡದ್ದು ಎಷ್ಟು ಸಲವೋ. ಪುಟ ಮುಗಿದಾಗ ಇಬ್ಬರೂ ಅದೇ ಮನೆಯಲ್ಲಿ.

*

"ಅತ್ತಿ, ಇದು ಪೂರ್ತಿ ಆಗಿಲ್ಲ," ರಾಣಿ ಮೇಲಿನ ಪುಸ್ತಕ ಬಿಚ್ಚಿ ಓದಿದಳು. "ಬೆಕ್ಕು ಕೇಳತೈತಿ: ನಾ ಅಡ್ಡ ಕುಂದ್ರೂದು ಬಿಟ್ಟೆ. ಈಗ ಬಿಲಾ ಬಿಟ್ಟು ಎಲ್ಲಿಗಿ ಹೋಗ್ತಿ? ಇಲಿದು ಖಾಲಿ ಐತಿ. ಪಾಪ, ಬರಿಯೂದ್ರಾಗ ಹೋಗ್ಯಾರ."

ಒಂಬತ್ತು ದಿನದ ಹಿಂದಿನ ಪ್ರಶ್ನೆ ಅದು. ಮಹಾನಂದಾ ಎರಡು ಸಲ ಪೆನ್ಸಿಲ್ ಹಿಡಿದು ಕೆಳಗಿಟ್ಟಿದ್ದಳು. ಮೂವತ್ತನಾಲ್ಕು ವರ್ಷದ ಹಿಂದೆ ಕೇಳಿದ್ದರೆ ಕಣ್ಣುಮುಚ್ಚಿ ಉಗರಗೋಳ ಅನ್ನುತ್ತಿದ್ದಳು. ಈಗ ಅಲ್ಲಿ ಅಪ್ಪನಿಲ್ಲ, ಅವ್ವನಿಲ್ಲ, ಮಂಡಿಯಲ್ಲಿ ಬಲವಿಲ್ಲ. ಕೇಳುವುದಾದರೆ ಹೊತ್ತಿಗೆ ಸರಿಯಾಗಿ ಕೇಳಬೇಕಿತ್ತು ಎಂದು ಸಿಟ್ಟು. ಕೊನೆಗಾದರೂ ಕೇಳಿದನಲ್ಲ ಎಂದು ಸಂಕಟ. ಉತ್ತರ ಕೊಡದೆ ಕಳಿಸಲು ಮನಸ್ಸು ಒಪ್ಪಲಿಲ್ಲ.

"ರಾಣೀ, ಒಂದ್ ಪೆನ್ಸಿಲ್ ಕೊಡು ಬಾ."

"ಈಗ ಎಂಥಾ ಪೆನ್ಸಿಲ್ಲವಾ," ಕೆಂಪವ್ವ ಕೈ ಬಿಡಲಿಲ್ಲ. "ಮಂದಿ ಏನಂದಾರು. ಕುಂಡ್ರು."

ಹೊರಗಿನಿಂದ ಸಾಗರ ಕರೆದ. "ಹೊತ್ತಾತು ಕಾಕಾ, ಎಬ್ಬಸೂನು."

ಲಗಮಣ್ಣ ಟ್ರಂಕಿನ ಮುಚ್ಚಳ ಹಾಕಿ ಹೆಗಲಿಗೇರಿಸಿದ. ಶಟ್ಟೆಪ್ಪನನ್ನು ಎತ್ತಿದರು. ಹೆಂಗಸರು ಹೊಸ್ತಿಲ ತನಕ ಬಂದು ನಿಂತರು; ಅದರಾಚೆ ಗಂಡಸರೇ ಹೋಗುವುದು. ಮಹಾನಂದಾ ಮುಂದೆ ಕಾಲಿಟ್ಟಾಗ ಕೆಂಪವ್ವ ತೋಳು ಅಡ್ಡ ಹಿಡಿದಳು.

"ಹನ್ನೊಂದು ದಿನಾ ನೀ ಹೊಸ್ತಲಾ ದಾಟಂಗಿಲ್ಲ. ಅದಾದ ಮ್ಯಾಲೂ ಎಲ್ಲಿಗಿ ಹೋಗಾಕಿ, ಮಗಾ ಸೊಸಿ ಇಲ್ಲೇ ಅದಾರು."

ತಾಳದ ಸದ್ದು ಓಣಿ ತಿರುಗಿ ಸಣ್ಣದಾಯಿತು. ಸ್ಟ್ಯಾಂಡಿನಲ್ಲಿ ಯಾವುದೋ ಬಸ್ಸು ಹಾರ್ನ್ ಹೊಡೆಯಿತು.

ಕೆಂಪವ್ವ ಜೀವ ಹೋದ ಜಾಗ ಸಾರಿಸಿ, ಜೋಳದ ಹಿಟ್ಟು ತೆಳ್ಳಗೆ ಹರವಿ, ಮೇಲೆ ಬುಟ್ಟಿ ಮುಚ್ಚಿದಳು. ಗಂಡಸರು ಮಣ್ಣು ಮಾಡಿ ಬಂದ ಮೇಲೆ ಬುಟ್ಟಿ ಎತ್ತಿ ನೋಡುವುದು ಮನೆತನದ ರೂಢಿ. ಹಿಟ್ಟಿನಲ್ಲಿ ಯಾವ ಹೆಜ್ಜೆ ಮೂಡಿದೆಯೋ ಹೋದವನು ಆ ಜನ್ಮಕ್ಕೆ ಹೋದನೆಂದು ಲೆಕ್ಕ.

"ಯಾರೂ ಮುಟ್ಟಬ್ಯಾಡ್ರಿ," ಎಂದು ಹೇಳಿ ಆಕೆ ಹೆಂಗಸರನ್ನು ಕರೆದುಕೊಂಡು ಹಿತ್ತಲಿಗೆ ಮೈ ತೊಳೆಯಲು ಹೋದಳು.

ಮಹಾನಂದಾ ಒಬ್ಬಳೇ ಉಳಿದಳು. ಪೆನ್ಸಿಲ್ಲು ಗೋಡೆಯ ಗೂಡಿನಲ್ಲೇ ಇತ್ತು. ಬರೆಯಲು ಪುಸ್ತಕವಿರಲಿಲ್ಲ. ಬಹಳ ಹೊತ್ತು ಬುಟ್ಟಿಯನ್ನೇ ನೋಡುತ್ತ ಕುಳಿತವಳು, ಗೋಡೆ ಹಿಡಿದು ಎದ್ದಳು.

*

ಗಂಡಸರು ಹಿತ್ತಲ ಬಾಗಿಲಿಂದ ಬಂದು, ನೀರು ಸುರುವಿಕೊಂಡು, ಒದ್ದೆ ಧೋತರದಲ್ಲೇ ಪಡಸಾಲೆಯಲ್ಲಿ ನೆರೆದರು.

"ಬೆಕ್ಕಿನ ಹೆಜ್ಜಿನ ಇರತಾವು ನೋಡಬೇ," ಲಗಮಣ್ಣ ಅಕ್ಕ ಕೆಂಪವ್ವನಿಗೆ ಹೇಳಿದ. ಒಬ್ಬಿಬ್ಬರು ನಕ್ಕರು.

ಕೆಂಪವ್ವ ಬುಟ್ಟಿ ಎತ್ತಿದಳು.

ಹಿಟ್ಟಿನ ನಡುವೆ ಮನುಷ್ಯರದೇ ಒಂದು ಇಡೀ ಹೆಜ್ಜೆ. ಹಿಮ್ಮಡಿ ಗೋಡೆಯ ಕಡೆ, ಬೆರಳು ಬಾಗಿಲ ಕಡೆ. ಕಾಲುಂಗುರದ ಗುರುತು ಸಹ ಅಚ್ಚೊತ್ತಿತ್ತು.

"ಯವ್ವಾ?" ಅಂದ ಸಾಗರ.

ಮೂಲೆಯಲ್ಲಿ ಆಕೆ ಇರಲಿಲ್ಲ. ಚಪ್ಪಲಿ ಬಾಗಿಲಲ್ಲೇ ಇದ್ದವು. ಹಿಟ್ಟಿನ ಬಿಳಿ ಹೆಜ್ಜೆಗಳು ಹೊಸ್ತಿಲು ದಾಟಿ, ಕಟ್ಟೆ ಇಳಿದು, ಬಸ್ ಸ್ಟ್ಯಾಂಡಿನ ಕಡೆಗೆ ಒಂದಕ್ಕಿಂತ ಒಂದು ತೆಳುವಾಗುತ್ತ ಹೋಗಿದ್ದವು.