ಎರಡು ಕೋಣೆಯ ಮನೆಗೆ ಮೂರನೆಯವನು

ಹಳೆಯ ನೂಲಿನ ಗಿರಣಿಯ ಹಿಂದಿನ ಬೀದಿಯಲ್ಲಿ ನಲವತ್ತು ಮನೆಗಳಿದ್ದವು. ಮನೆ ಎಂದರೆ ಒಂದೊಂದೇ ಕೋಣೆ, ಮೂಲೆಯಲ್ಲಿ ಒಲೆ, ಹೊರಗೆ ಎಲ್ಲರಿಗೂ ಸೇರಿ ನಾಲ್ಕು ನಲ್ಲಿ. ಮುಚ್ಚಿದ ಗಿರಣಿಯೊಳಗೆ ಕಚೇರಿಗಳು ಬಂದವು, ಕಾಫಿ ಅಂಗಡಿ ಬಂತು, ಸುತ್ತಲಿನ ಬಾಡಿಗೆ ಕೈಗೆಟುಕದಷ್ಟು ಏರಿತು. ಕೊನೆಗೆ ನಗರಸಭೆಯವರು ಬೀದಿಯನ್ನೇ ಕೆಡವಿ ಹೊಸದಾಗಿ ಕಟ್ಟುತ್ತೇವೆಂದು ನೋಟಿಸು ಅಂಟಿಸಿದರು. ಮೂರು ಜನರಾದರೂ ಇರುವ ಸಂಸಾರಕ್ಕೆ ಅಲ್ಲಿಯೇ ಎರಡು ಕೋಣೆಯ ಮನೆ, ಕಡಿಮೆ ಬಾಡಿಗೆಗೆ. ಒಬ್ಬರೋ ಇಬ್ಬರೋ ಇದ್ದರೆ ಊರಾಚೆ ಒಂದು ಕೋಣೆ. ಅಲ್ಲಿಗೆ ಹೋಗಲು ಎರಡು ಬಸ್ಸು ಬದಲಾಯಿಸಬೇಕು.

ಹದಿನೇಳನೆಯ ಮನೆಯಲ್ಲಿದ್ದವರು ಇಬ್ಬರೇ, ಅತ್ತೆ ಮತ್ತು ಸೊಸೆ. ಅತ್ತೆಯನ್ನು ಬೀದಿಯವರೆಲ್ಲ ಗುಂಡಿಯಮ್ಮ ಎನ್ನುತ್ತಿದ್ದರು. ಹತ್ತಿರದ ದರ್ಜಿ ಅಂಗಡಿಗಳಿಂದ ಅಂಗಿಗಳ ಗಂಟು ತಂದು ಗುಂಡಿ ಹಚ್ಚಿಕೊಡುವುದು ಆಕೆಯ ಕೆಲಸ. ಸೊಸೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಿದ್ದಳು, ಬೆಳಿಗ್ಗೆ ಆರರ ಪಾಳಿ. ಗುಂಡಿಯಮ್ಮನ ಮಗ ತೀರಿಹೋಗಿ ಆರು ವರ್ಷವಾಗಿತ್ತು. ಆಮೇಲೂ ಇಬ್ಬರು ಬೇರೆಯಾಗದೆ ಉಳಿದದ್ದು ಅಕ್ಕರೆಗೋ ಬಾಡಿಗೆಯ ಹೆದರಿಕೆಗೋ ಎಂದು ಯಾರಾದರೂ ಕೇಳಿದ್ದರೆ ಇಬ್ಬರೂ ಮಾತು ತಿರುಗಿಸುತ್ತಿದ್ದರು.

ಸೊಸೆ ದಿನವೂ ಹತ್ತುವ ಮೊದಲ ಬಸ್ಸಿನ ಡ್ರೈವರ್, ಅವಳು ಬರುವುದು ತಡವಾದರೆ ಬಸ್ಸು ನಿಲ್ಲಿಸಿಕೊಂಡು ಕಾಯುತ್ತಾನೆ ಎಂಬ ಸುದ್ದಿ ನಲ್ಲಿಯ ಸಾಲಿನಿಂದ ಗುಂಡಿಯಮ್ಮನ ಕಿವಿಗೆ ಎಂದೋ ಬಿದ್ದಿತ್ತು. ಕೇಳಿಯೂ ಕೇಳದವಳಂತೆ ಇದ್ದಳು. ನೋಟಿಸು ಓದಿದ ಮರುದಿನ ಸೊಸೆ ಕೆಲಸಕ್ಕೆ ಹೋದ ಹೊತ್ತಿನಲ್ಲಿ ನೇರವಾಗಿ ಬಸ್ ಡಿಪೋಗೆ ಹೋದಳು. ಡ್ರೈವರ್ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ನಲವತ್ತು ದಾಟಿದ, ಮೆತ್ತಗಿನ ಮನುಷ್ಯ. ಗುಂಡಿಯಮ್ಮ ತಾನು ಯಾರೆಂದು ಹೇಳಿ, ಅವನ ವಿಚಾರ ಕೇಳಿದಳು. ಮದುವೆಯಾಗಿಲ್ಲ, ಇನ್ನೂ ಮೂವರು ಡ್ರೈವರುಗಳ ಜೊತೆ ಒಂದೇ ಕೋಣೆಯಲ್ಲಿ ವಾಸ, ಮಲಗುವುದೂ ಪಾಳಿಯ ಮೇಲೆ ಎಂದ.

"ನಮ್ಮ ಹುಡುಗೀನ ಮದುವೆ ಆಗ್ತೀಯೇನಪ್ಪ?" ಎಂದಳು ಗುಂಡಿಯಮ್ಮ.

ಚಹಾ ನೆತ್ತಿಗೇರಿತು. ಕೆಮ್ಮು ನಿಂತ ಮೇಲೆ, ಅವರೇ ಕೇಳಿಕೊಂಡು ಬರಲು ಹೇಳಿದರೇ ಎಂದು ವಿಚಾರಿಸಿದ.

"ಇಲ್ಲಪ್ಪ. ಗೊತ್ತಾದ್ರೆ ನನ್ನ ಜೀವ ತೆಗೀತಾಳೆ."

ಮನೆಯ ವಿಷಯವನ್ನೂ ಅವಳು ಮುಚ್ಚಿಡಲಿಲ್ಲ. ಹೊಟ್ಟೆಯಲ್ಲಿ ಗುಟ್ಟು ನಿಲ್ಲದ ಡ್ರೈವರ್ ಮರುದಿನ ಬೆಳಿಗ್ಗೆಯೇ ಎಲ್ಲವನ್ನೂ ಸೊಸೆಗೆ ಹೇಳಿಬಿಟ್ಟ. ಪಾಳಿ ಮುಗಿಸಿ ಬಂದವಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತಳು.

"ಮನೆ ಸಿಗುತ್ತೆ ಅಂತ ನನಗೆ ಮದುವೆ ಮಾಡ್ತೀರಾ ಅತ್ತೆ? ಲೆಕ್ಕಕ್ಕೆ ಒಂದು ತಲೆ ಬೇಕು, ಅಷ್ಟೇ ತಾನೆ?"

ಗುಂಡಿಯಮ್ಮ ಸೂಜಿಯನ್ನು ಅಂಗಿಗೆ ಚುಚ್ಚಿಟ್ಟಳು. "ಮನೆಗೂ ಬೇಕು, ಸುಳ್ಳು ಯಾಕೆ ಹೇಳ್ಲಿ. ಬರೀ ತಲೆನೇ ಬೇಕಾಗಿದ್ರೆ ನನ್ನ ತಂಗಿ ಮಗನ್ನ ಕರ್ಕೊಂಡು ಬಂದು ಕೂರಿಸ್ತಿದ್ದೆ. ಆರು ವರ್ಷದಿಂದ ನಿನ್ನ ದಾರಿಗೆ ನಾನೇ ಅಡ್ಡ ಕೂತಿದೀನಿ ಅಂತ ನಂಗೆ ಗೊತ್ತಾಗಲ್ವಾ?"

ಎರಡು ದಿನ ಸೊಸೆ ಆ ಬಸ್ಸನ್ನು ಬಿಟ್ಟು ನಡೆದೇ ಕೆಲಸಕ್ಕೆ ಹೋದಳು. ಮೂರನೆಯ ದಿನ ವಾರದ ರಜೆ. ಅಂದು ಅವನ ಬಸ್ಸು ಹತ್ತಿ ಕೊನೆಯ ನಿಲ್ದಾಣದವರೆಗೂ ಕೂತಳು. ಜನರೆಲ್ಲ ಇಳಿದ ಮೇಲೆ, ಮನೆ ಸಿಗದೆ ಹೋದರೆ ಏನು ಮಾಡುತ್ತೀರಿ ಎಂದು ಕೇಳಿದಳು.

"ಹೋದ ವರ್ಷಾನೇ ನಿಮ್ಮನ್ನ ಕೇಳ್ಬೇಕು ಅಂತಿದ್ದೆ," ಎಂದ ಅವನು. "ಕೇಳಿ, ಎಲ್ಲಿಗೆ ಕರ್ಕೊಂಡು ಹೋಗ್ಲಿ? ನಾಲ್ಕು ಜನ ಗಂಡಸರು ಮಲಗೋ ಕೋಣೆಗಾ?"

ಮನೆ ಸಿಗಲಿ ಬಿಡಲಿ, ಎಲ್ಲಿದ್ದರೂ ಅತ್ತೆ ತಮ್ಮ ಜೊತೆಗೇ ಇರಬೇಕು ಎಂದಳು ಅವಳು. ಆತ ಒಪ್ಪಿದ. ಆ ವಾರವೇ ಗುಡಿಯಲ್ಲಿ ತಾಳಿ ಕಟ್ಟಿ, ನೋಂದಣಿ ಕಚೇರಿಯಲ್ಲಿ ಮದುವೆ ಬರೆಸಿದ್ದಾಯಿತು. ಸಾಕ್ಷಿ ಹಾಕಲು ಲಾಂಡ್ರಿಯ ಇಬ್ಬರು ಹೆಂಗಸರು ಊಟದ ಬಿಡುವಿನಲ್ಲಿ ಓಡಿ ಬಂದು ಓಡಿ ಹೋದರು.

ನಾಲ್ಕು ದಿನದ ಮೇಲೆ ನಗರಸಭೆಯ ಹುಡುಗಿ ಸರ್ವೆಗೆ ಬಂದಳು. ಮದುವೆಯ ಕಾಗದದ ತಾರೀಖು ನೋಡಿ ಹುಬ್ಬು ಗಂಟಿಕ್ಕಿದಳು. ಇಂಥ ಅವಸರದ ಮದುವೆಗಳನ್ನು ಆ ಬೀದಿಯಲ್ಲಿ ಆಗಲೇ ಎರಡು ನೋಡಿದ್ದಳಂತೆ. ಡ್ರೈವರನ ಹೆಸರು ಬರೆದುಕೊಂಡು, ಮನೆಯ ಯಜಮಾನಿಗೆ ಇವರು ಏನಾಗಬೇಕು ಎಂದು ಕೇಳಿದಳು.

"ಅಳಿಯ," ಎಂದಳು ಗುಂಡಿಯಮ್ಮ.

"ಹಳೇ ಕಾಗದದಲ್ಲಿ ಇವರು ಸೊಸೆ ಅಂತಿದೆ. ಸೊಸೆ ಗಂಡ ಅಳಿಯ ಹೇಗಾಗ್ತಾರೆ?"

"ಸೊಸೆ ಅನ್ನೋದನ್ನ ಹೊಡೆದುಹಾಕಿ ಮಗಳು ಅಂತ ಬರ್ಕೊಳಮ್ಮ."

ಹಾಗೆ ಹೊಡೆದುಹಾಕುವ ಅಧಿಕಾರ ಆ ಹುಡುಗಿಗೆ ಇರಲಿಲ್ಲ. ಅಳಿಯನ ಸಂಬಂಧವನ್ನು 'ಇತರೆ' ಎಂದು ಗುರುತು ಮಾಡಿಕೊಂಡಳು. ಸೊಸೆ ಒಲೆಯ ಕಡೆ ತಿರುಗಿ, ಒರೆಸಿಟ್ಟ ಪಾತ್ರೆಗಳನ್ನೇ ಮತ್ತೆ ಒರೆಸುತ್ತಿದ್ದಳು.

ಆ 'ಇತರೆ'ಗಾಗಿ ಮೂವರೂ ಮೂರು ಸಲ ಕಚೇರಿಗೆ ಅಲೆದರು. ಅಕ್ಕಪಕ್ಕದವರನ್ನು ಕೇಳಿ ವಿಚಾರಣೆಯಾಯಿತು. ಕೊನೆಗೂ ಅರ್ಜಿ ಒಪ್ಪಿತವಾಯಿತು. ಕಟ್ಟಡ ಏಳುವವರೆಗೆ ಎರಡು ವರ್ಷ ತಗಡಿನ ಶೆಡ್ಡಿನಲ್ಲಿ ಕಳೆದರು. ನಲವತ್ತು ಸಂಸಾರಗಳಲ್ಲಿ ತಿರುಗಿ ಬಂದದ್ದು ಇಪ್ಪತ್ತಮೂರು. ಮೂಲೆಮನೆಯ ಚಮ್ಮಾರ ಮತ್ತು ಅವನ ಹೆಂಡತಿ ಇಬ್ಬರೇ ಇದ್ದುದರಿಂದ ಊರಾಚೆಗೆ ಹೋದರು. ಅವರನ್ನು ಕಳಿಸಿ ಬಂದ ದಿನ ಗುಂಡಿಯಮ್ಮ ಊಟ ಮಾಡಲಿಲ್ಲ. ಹೊಸ ಅಂಗಡಿಗಳ ಬಾಡಿಗೆ ತಾಳದೆ ದರ್ಜಿಗಳಲ್ಲಿ ಅರ್ಧ ಜನ ಜಾಗ ಬಿಟ್ಟರು. ಆಕೆಗೆ ಕೆಲಸವೂ ಅರ್ಧವಾಯಿತು.

ಮನೆ ಸಿಕ್ಕಿದ್ದು ಮೂರನೆಯ ಮಹಡಿಯಲ್ಲಿ. ಸಾಮಾನು ಏರಿಸುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಬೆಳಕಿರುವ ದೊಡ್ಡ ಕೋಣೆ ಅತ್ತೆಗೇ ಇರಲಿ ಎಂದು ಗಂಡಹೆಂಡತಿ ಆಕೆಯ ಪೆಟ್ಟಿಗೆಯನ್ನು ಅಲ್ಲಿಟ್ಟರು. ಆಕೆ ಅದನ್ನು ಎಳೆದು ಸಣ್ಣ ಕೋಣೆಗೆ ಹಾಕಿದಳು. ಒಂದು ಗಂಟೆ ಇದೇ ಆಯಿತು. ಸೋತ ಅಳಿಯ ದೊಡ್ಡ ಕೋಣೆಯಲ್ಲಿ ಹಾಸಿಗೆ ಬಿಡಿಸಿ, ಬಾಗಿಲು ಹಾಕಿಕೊಂಡು, ಸಂಜೆಯವರೆಗೆ ಸತ್ತಂತೆ ಮಲಗಿದ. ಮಲಗುವ ಪಾಳಿ ತನ್ನದೆಂದು ಅವನನ್ನು ಯಾರೂ ಎಬ್ಬಿಸಲಿಲ್ಲ.