ಅರವತ್ತೊಂದನೇ ಪುಟದ ಎಡಗೈ

ವ್ಯಂಗ್ಯಚಿತ್ರಗಾರ್ತಿಯ ಮೇಜಿನ ಮೇಲೆ ಹದಿನಾರು ವರ್ಷಗಳಿಂದ ಒಂದು ಕನ್ನಡಿ ನಿಂತಿದೆ. ಅಲಂಕಾರಕ್ಕಲ್ಲ. ಪಾತ್ರ ಅಳಬೇಕಾದರೆ ಮೊದಲು ಅವಳು ಅಳುಮೋರೆ ಮಾಡಿ, ಕನ್ನಡಿ ನೋಡಿಕೊಂಡು ಬರೆಯಬೇಕು.

“ಮಂಗಚೇಷ್ಟೆ ಮಾಡಿ ಹೊಟ್ಟೆ ಹೊರೆಯೋಳು ನೀನೊಬ್ಬಳೇ ಕಣೆ,” ಎಂದು ಅಕ್ಕ ರೇಗಿಸುತ್ತಾಳೆ. ಮಕ್ಕಳಿಗಾಗಿ ಐದು ಚಿತ್ರಕಾದಂಬರಿ ಬರೆದು ಗೆದ್ದವಳು ಅದನ್ನೆಲ್ಲ ಎಲ್ಲಿ ಕಿವಿಗೆ ಹಾಕಿಕೊಳ್ಳುತ್ತಾಳೆ!

ಐದನೆಯದರಲ್ಲಿ ಮಾತ್ರ ಆ ಕನ್ನಡಿಯೇ ಕೈಕೊಟ್ಟಿತು. ಕಥೆಯ ತುಂಟಿಗೆ ಮುರಿದದ್ದು ಬಲಗೈ. ಪರೀಕ್ಷೆ ಬರೆಯಲಾಗದೆ ಮನೆಯಲ್ಲಿ ಕೂರುತ್ತಾಳೆ. ಚಿತ್ರಗಾರ್ತಿ ಬೆರಳಷ್ಟೇ ಬಿಟ್ಟು ತನ್ನ ಬಲಗೈಗೆ ಟವೆಲ್ ಸುತ್ತಿ, ಕನ್ನಡಿಯಲ್ಲಿ ಕಂಡದ್ದನ್ನು ಕಂಡ ಹಾಗೇ ಇಳಿಸಿದ್ದಳು. ಉಳಿದ ಪುಟಗಳಲ್ಲಿ ಬಲಗೈಯಲ್ಲೇ ಇದ್ದ ಬ್ಯಾಂಡೇಜು ಅರವತ್ತೊಂದನೇ ಪುಟದಲ್ಲಿ ಎಡಗೈಗೆ ಹಾರಿತ್ತು. ಕರಡು ತಿದ್ದಿದ ಮೂವರೂ ಅಕ್ಷರ ನೋಡಿದರೇ ಹೊರತು ಕೈ ನೋಡಲಿಲ್ಲ.

“ಎರಡನೇ ಮುದ್ರಣ ನಾಳೆ. ಸಂಜೆಯೊಳಗೆ ತಿದ್ದಿ ಕಳಿಸಿ,” ಎಂದು ಸಂಪಾದಕರು ಫೋನ್ ಮಾಡಿದರು. “ಓದುಗರ ಪತ್ರಗಳನ್ನೂ ಕಳಿಸಿದೀನಿ. ಮಕ್ಕಳು ಚೆನ್ನಾಗಿ ಆಡ್ಕೊಂಡಿದಾರೆ.”

ಹತ್ತು ನಿಮಿಷದ ಕೆಲಸ. ಪೆನ್ನು ಹಿಡಿಯುವ ಮುಂಚೆ ಪತ್ರಗಳನ್ನು ಬಿಡಿಸಿದಳು. ಬೈಗುಳ, ನಗು, ಒಬ್ಬ ಜಾಣನ ಕೆಂಪು ಗೀಟು. ಕೊನೆಯದರಲ್ಲಿ ಅಕ್ಷರಗಳು ಅಂಕುಡೊಂಕಾಗಿದ್ದವು.

“ಅವಳಿಗೆ ಕೈ ಮುರಿದೇ ಇಲ್ಲ, ಅಲ್ವಾ? ಪರೀಕ್ಷೆ ತಪ್ಪಿಸೋಕೆ ನಾಟಕ. ಯಾವ ಕೈ ಅಂತ ಅವಳಿಗೇ ಮರೆತುಹೋಗಿದೆ. ನಾನೂ ಹೊಟ್ಟೆನೋವು ಅಂತ ಸುಳ್ಳು ಹೇಳಿದ್ದೆ. ಅಮ್ಮ ಕೆಲಸಕ್ಕೆ ರಜೆ ಹಾಕಿ ಪಕ್ಕದಲ್ಲೇ ಕೂತಿದ್ದಳು. ಇನ್ನೂ ಅವಳಿಗೆ ಹೇಳಿಲ್ಲ. ನಿಮಗೆ ಮಾತ್ರ ಹೇಳಿದ್ದು.”

ಅವಳು ಆ ಪತ್ರವನ್ನು ಇನ್ನೊಂದು ಸಲ ಓದಿದಳು. ಈಗ ಈ ಕೈ ತಿದ್ದಿದರೆ ತುಂಟಿ ಸಾಚಾ ಆಗಿಬಿಡುತ್ತಾಳೆ. ಸುಳ್ಳುಗಾತಿಯಾಗಿ ಉಳಿಯುವುದು ಈ ಮಗು ಒಂದೇ.

ಪೆನ್ನು ಮುಚ್ಚಿಟ್ಟು ಸಂಪಾದಕರಿಗೆ ಫೋನ್ ಮಾಡಿದಳು. “ಆ ಪುಟ ಮುಟ್ಟಬೇಡಿ.”

“ಏನ್ರೀ, ಎಡ-ಬಲ ಗೊತ್ತಿಲ್ಲದೋಳು ಅಂತ ಹೆಸರು ಬರುತ್ತೆ!”

“ಬರಲಿ. ಹದಿನಾರು ವರ್ಷ ಕಷ್ಟಪಟ್ಟು ಗಳಿಸಿದ ಹೆಸರು ಒಂದು ಕೈಗೆಲ್ಲ ಬೀಳಲ್ಲ. ನನ್ನ ಆರನೇ ಪುಸ್ತಕ ಆ ಎಡಗೈಯಿಂದಲೇ ಶುರು.”

ಆಮೇಲೆ ಒಂದು ಹಾಳೆ ತೆಗೆದುಕೊಂಡಳು. ಕನ್ನಡಿ ಮುಂದೆ ಪೆದ್ದುಪೆದ್ದಾಗಿ ಟವೆಲ್ ಸುತ್ತಿಕೊಂಡು ಕೂತ ತನ್ನನ್ನೇ ಬರೆದು, ಕೆಳಗೆ ಹೀಗೆ ಬರೆದಳು: “ನಾನು ತಪ್ಪಾಗಿ ಬರೆದೆ, ನೀನು ಸರಿಯಾಗಿ ಓದಿದೆ. ಮುಂದಿನ ಪುಸ್ತಕದಲ್ಲಿ ಅವಳು ಅಮ್ಮನಿಗೆ ನಿಜ ಹೇಳ್ತಾಳೆ. ಅದು ಮುಗಿಯೋಕೆ ನನಗೆ ಒಂದು ವರ್ಷ ಬೇಕು. ನೀನು ಅಷ್ಟು ದಿನ ಕಾಯಬೇಡ.”